ಆಗುಂಬೆಯ ಮಳೆಕಾಡಿನಲ್ಲಿ ಉಳಿಯಲು ಮಳೆ ನಿಂತ ಮೇಲೆ ಹೋಗುವುದು ಒಳ್ಳೆಯದೇ?

ಬೆಂಗಳೂರಿನಿಂದ ಆಗುಂಬೆಯ ಕಡೆಗೆ ಹೋಗಿ ಕಾಡಿನ ನಡುವಿನ ಪರಿಸರಸ್ನೇಹಿ ವಸತಿಯೊಂದರಲ್ಲಿ ಕೆಲವು ದಿನ ಇರಬೇಕೆಂದಿದ್ದೇನೆ, ಮಳೆ ನಿಂತ ಮೇಲೆ ಹೋಗಲೇ, ಅಲ್ಲಿ ಸಾಹಸವೆನ್ನುವಂಥದ್ದು ಏನಿದೆ ಎಂದು ನೀವು ಕೇಳಿದ್ದೀರಿ. ಆರೋಗ್ಯ ಚೆನ್ನಾಗಿದ್ದರೆ ಮಳೆಯಲ್ಲೇ ಹೋಗಿ ಎಂಬುದು ನನ್ನ ಉತ್ತರ. ನಮ್ಮ ಬೆಂಗಳೂರಿಗೆ ವರ್ಷವಿಡೀ ಬೀಳುವ ಮಳೆ ಸುಮಾರು 1,000 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ತಿಂಗಳೊಂದರಲ್ಲೇ ಸಾಮಾನ್ಯವಾಗಿ ಅದರ ಎರಡು ಪಟ್ಟು ಸುರಿಯುತ್ತದೆ. ಕಪ್ಪೆ, ಅಣಬೆ, ಇಂಬಳ, ಹಾವು ಎಲ್ಲವೂ ಆ ನೀರನ್ನು ನೆಚ್ಚಿಕೊಂಡೇ ಬದುಕುವ ಕಾಡು ಅದು. ಡಿಸೆಂಬರಿನಲ್ಲಿ ಹೋದವರಿಗೆ ಹಸಿರು ಕಾಣುತ್ತದೆ, ಆದರೆ ಆ ಹಸಿರಿನೊಳಗಿನ ಸಡಗರ ಅಷ್ಟು ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ.

ನಾನು ಉಳಿದಿದ್ದುದು ಅಡಿಕೆ ತೋಟದ ಅಂಚಿನಲ್ಲಿದ್ದ ಹೆಂಚಿನ ಮನೆಯಂಥ ಒಂದು ವಸತಿಯಲ್ಲಿ. ಕರೆಂಟು ಹೋದರೆ ಯಾವಾಗ ಬರುತ್ತದೆಂದು ಯಾರೂ ಹೇಳುತ್ತಿರಲಿಲ್ಲ, ಮೊಬೈಲಿಗೆ ಸಿಗ್ನಲ್ ಇರಲಿಲ್ಲ, ಒಮ್ಮೆ ನೆನೆದ ಬಟ್ಟೆ ಒಣಗುತ್ತಲೇ ಇರಲಿಲ್ಲ. ಬಚ್ಚಲ ಹಂಡೆಯಲ್ಲಿ ಮಾತ್ರ ಸದಾ ಬಿಸಿನೀರು ಇರುತ್ತಿತ್ತು, ಅದೊಂದಿದ್ದರೆ ಮಿಕ್ಕಿದ್ದಕ್ಕೆಲ್ಲ ಹೊಂದಿಕೊಳ್ಳಬಹುದು.

ಅಲ್ಲಿನ ನಿಜವಾದ ಸಾಹಸ ರಾತ್ರಿಯ ನಡಿಗೆ. ಊರಿನವರೇ ಆದ ಮಾರ್ಗದರ್ಶಕರ ಹಿಂದೆ ಬೂಟು ಹಾಕಿಕೊಂಡು ಹೊರಟರೆ ಒಂದು ಫರ್ಲಾಂಗು ಸಾಗಲು ಗಂಟೆ ಹಿಡಿಯುತ್ತದೆ, ಏಕೆಂದರೆ ಹೆಜ್ಜೆ ಹೆಜ್ಜೆಗೂ ನಿಂತು ನೋಡುವಂಥದ್ದು ಏನಾದರೂ ಇರುತ್ತದೆ. ಹೊಂಡದ ಮೇಲೆ ಬಾಗಿದ ಕೊಂಬೆಯಲ್ಲಿ ಮಲಬಾರ್ ಹಾರುವ ಕಪ್ಪೆ ನೊರೆಯ ಗೂಡು ಕಟ್ಟಿ ಅದರಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ನೇರವಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಎದೆಮಟ್ಟದ ಪೊದೆಯಲ್ಲಿ ಮಲಬಾರ್ ಗುಳಿಮಂಡಲ ಹಾವು ಬೇಟೆಗಾಗಿ ಅಲುಗಾಡದೆ ಕುಳಿತಿರಬಹುದಾದ್ದರಿಂದ, ಜಾರಿದರೂ ಸರಿ, ಕಣ್ಣಿಂದ ನೋಡದೆ ಯಾವ ಕೊಂಬೆಯನ್ನೂ ಹಿಡಿಯಬಾರದು ಎಂಬುದು ನಮಗೆ ಹಾಕಿದ್ದ ಮೊದಲ ಕಟ್ಟಳೆ. ಒಂದು ಕಡೆ ಎಲ್ಲರೂ ಟಾರ್ಚ್ ಆರಿಸಿ ನಿಲ್ಲಬೇಕೆಂದರು. ಕಣ್ಣು ಕತ್ತಲೆಗೆ ಒಗ್ಗುವವರೆಗೆ ಏನೂ ಇರಲಿಲ್ಲ. ಆಮೇಲೆ ಕೊಳೆತ ಮರದ ತುಂಡುಗಳ ಮೇಲೆ ತಿಳಿಹಸಿರು ಬೆಳಕು ಮೂಡತೊಡಗಿತು. ಮರವನ್ನು ಕೊಳೆಸುವ ಶಿಲೀಂಧ್ರಗಳು ತಮ್ಮೊಳಗಿನ ರಾಸಾಯನಿಕ ಕ್ರಿಯೆಯಿಂದ ಹೊಮ್ಮಿಸುವ ಬೆಳಕು ಅದು, ಸತತವಾಗಿ ತೇವವಿದ್ದರೆ ಮಾತ್ರ ಕಾಣಿಸುವಂಥದ್ದು. ಮಳೆಯಲ್ಲೇ ಹೋಗಿ ಎಂದು ನಾನು ಒತ್ತಾಯಿಸಲು ಅದೊಂದೇ ಕಾರಣ ಸಾಕು.

ಇನ್ನೊಂದು ಅನುಭವ ಹಳ್ಳದ್ದು. ಒಂದು ಮಧ್ಯಾಹ್ನ ಮೊಣಕಾಲುದ್ದದ ನೀರನ್ನು ದಾಟಿ ಧೂಪದ ಮರಗಳಿದ್ದ ಕಾಡಿಗೆ ಹೋಗಿದ್ದೆವು. ಹಿಂದಿರುಗುವ ಹೊತ್ತಿಗೆ ನಾವಿದ್ದಲ್ಲಿ ಮಳೆ ಹನಿಯುತ್ತಿತ್ತಷ್ಟೆ, ಆದರೆ ಹಳ್ಳದ ನೀರು ಕೆಂಪಗಾಗಿ ತರಗೆಲೆ, ಕಡ್ಡಿಗಳು ರಾಶಿಯಾಗಿ ತೇಲಿ ಬರುತ್ತಿದ್ದವು. ಮೇಲೆಲ್ಲೋ ಜೋರಾಗಿ ಹೊಡೆದಿದೆ ಎಂದವರೇ ಮಾರ್ಗದರ್ಶಕರು ಎಲ್ಲರನ್ನೂ ದಂಡೆಯಿಂದ ಹಿಂದಕ್ಕೆ ಕರೆದರು, ಸ್ವಲ್ಪ ಹೊತ್ತಿಗೆ ನೀರು ಎದೆಮಟ್ಟಕ್ಕೆ ಬಂತು. ಕಡಿದಾದ ಇಳಿಜಾರಿನ ಈ ಹಳ್ಳಗಳಿಗೆ ಜಲಾನಯನ ಪ್ರದೇಶ ಚಿಕ್ಕದು. ಆದ್ದರಿಂದ ಬೇಗ ಏರುತ್ತವೆ, ಮಳೆ ಬಿಟ್ಟರೆ ಬೇಗ ಇಳಿಯುತ್ತವೆ. ನಾವು ಕತ್ತಲಾಗುವವರೆಗೂ ಕಾದೆವು, ಕೊನೆಗೆ ಆಚೆ ದಡದಿಂದ ವಸತಿಯವರು ಹಗ್ಗ ಕಟ್ಟಿದ ಮೇಲೆ ದಾಟಿದೆವು. ನಮ್ಮಲ್ಲಿ ಕೆಲವರಿಗೆ ಮೊದಲೇ ನುಗ್ಗಿಬಿಡುವ ಅವಸರವಿತ್ತು. ಅವರನ್ನು ತಡೆದು ನಿಲ್ಲಿಸಿದ ಆ ಮನುಷ್ಯನ ಬಗ್ಗೆ ನನಗೆ ಇಂದಿಗೂ ಅಪಾರ ಗೌರವವಿದೆ.

ಇಂಬಳಗಳಿಗೆ ಹೆದರಬೇಡಿ. ಅವುಗಳ ಜೊಲ್ಲಿನಲ್ಲಿರುವ ವಸ್ತುಗಳು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಗಾಯ ಒಂದಷ್ಟು ಹೊತ್ತು ಒಸರುತ್ತದೆ, ಆಮೇಲೆ ತುರಿಸುತ್ತದೆ, ಅಷ್ಟೆ. ಒತ್ತಾದ ಹೆಣಿಗೆಯ ಇಂಬಳದ ಕಾಲುಚೀಲ ಹಾಕಿಕೊಳ್ಳಿ. ಊರವರು ಸುಣ್ಣ, ಹೊಗೆಸೊಪ್ಪು ಬಳಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಿಕೊಂಡು ಹೊರಡಬೇಕು. ನಿಜವಾಗಿ ಎಚ್ಚರ ವಹಿಸಬೇಕಾದದ್ದು ಉಣ್ಣೆ ಹುಳುಗಳ ಬಗ್ಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಅವುಗಳಿಂದಲೇ ಹರಡುತ್ತದೆ, ಅದರ ಹಾವಳಿ ಹೆಚ್ಚುವುದು ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮಳೆ ನಿಂತ ಮೇಲಿನ ಕಾಡೇ ಹೆಚ್ಚು ಸುರಕ್ಷಿತ ಎಂಬ ಲೆಕ್ಕಾಚಾರ ಇಲ್ಲಿ ಪೂರ್ತಿ ಸರಿಯಲ್ಲ.

ವಸತಿಯನ್ನು ಆರಿಸುವಾಗ ಫೋಟೋಗಳಿಗಿಂತ ಅಲ್ಲಿ ದಾರಿ ತೋರುವವರು ಯಾರೆಂದು ವಿಚಾರಿಸಿ. ಕಾಳಿಂಗ ಸರ್ಪವನ್ನು ಹತ್ತಿರದಿಂದ ತೋರಿಸುತ್ತೇವೆ ಎಂದು ಭರವಸೆ ಕೊಡುವ ಕಡೆಗೆ ದಯವಿಟ್ಟು ಹೋಗಬೇಡಿ. ತರಗೆಲೆ ಒಟ್ಟಿ ಗೂಡು ಕಟ್ಟಿ ಮೊಟ್ಟೆ ಕಾಯುವ, ಪಶ್ಚಿಮಘಟ್ಟದಲ್ಲಿರುವುದು ಬೇರೆಯೇ ಪ್ರಭೇದವೆಂದು 2024ರಲ್ಲಷ್ಟೇ ವಿಜ್ಞಾನಿಗಳು ವಿವರಿಸಿದ ಆ ಜೀವಿಯನ್ನು ಪ್ರವಾಸಿಗರ ಕ್ಯಾಮೆರಾಕ್ಕಾಗಿ ಹಿಡಿದೆಳೆಯುವುದು ಅನ್ಯಾಯ.

ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು ಹತ್ತಿದರೆ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಬೆಳಗಿನ ಹೊತ್ತಿಗೆ ತಲುಪಬಹುದು. ಮಳೆ ಜೋರಾದಾಗ ಅರಣ್ಯ ಇಲಾಖೆ ಜಲಪಾತಗಳ ಚಾರಣವನ್ನು ನಿಲ್ಲಿಸುವುದುಂಟು, ಹಾಗಾಗಿ ಅದೊಂದನ್ನೇ ನೆಚ್ಚಿಕೊಂಡು ಹೊರಡಬೇಡಿ. ಚಿಕ್ಕ ಮಕ್ಕಳೋ ವಯಸ್ಸಾದವರೋ ಜೊತೆಗಿದ್ದರೆ ಜುಲೈ, ಆಗಸ್ಟ್ ಬಿಟ್ಟು ಸೆಪ್ಟೆಂಬರಿನ ಕೊನೆಯ ವಾರಗಳನ್ನು ಆರಿಸಿಕೊಳ್ಳಿ. ಆಗ ಹಳ್ಳಗಳು ಇಳಿದಿರುತ್ತವೆ, ಕಾಡು ಇನ್ನೂ ಒದ್ದೆಯಾಗಿಯೇ ಇರುತ್ತದೆ.