ಕಾರಿಗೆ ಯಾವ ಆಯಿಲ್ ಫಿಲ್ಟರ್ ತರಲಿ? ಬದಲಾಯಿಸುವಾಗ ಅಂಗಳವೆಲ್ಲ ಎಣ್ಣೆಯಾಗದಂತೆ ಏನು ಮಾಡಲಿ?

ಹತ್ತು ವರ್ಷದ ಪೆಟ್ರೋಲ್ ಕಾರು, ಅಂಗಡಿಯಲ್ಲಿ ನೂರು ರೂಪಾಯಿಯ ಫಿಲ್ಟರೂ ಇದೆ ನಾನೂರರದೂ ಇದೆ, ಕಳೆದ ಸಲ ಮನೆಯಲ್ಲೇ ಆಯಿಲ್ ಬದಲಾಯಿಸಲು ಹೋಗಿ ಅಂಗಳದ ಕಲ್ಲು ಕಪ್ಪಾಗಿ ಬೈಸಿಕೊಂಡಿರಿ ಎಂದು ಬರೆದಿದ್ದೀರಿ. ಬೈಸಿಕೊಳ್ಳುವ ವಿಷಯದಲ್ಲಿ ನಾನು ನಿಮಗಿಂತ ಹಿರಿಯ. ನಮ್ಮ ಮನೆಯ ಮುಂದೆ ರಂಗೋಲಿ ಹಾಕುವ ಜಾಗದ ಪಕ್ಕದಲ್ಲೇ ಒಂದು ಕಲೆ ಇದೆ.

ಅದಾದದ್ದು ಹೀಗೆ. ಹಳೆಯ ಫಿಲ್ಟರ್ ಬಿಚ್ಚಿದೆ, ಹೊಸದನ್ನು ತಿರುಗಿಸಿ ಕೂರಿಸಿದೆ, ಆಯಿಲ್ ಸುರಿದು ಎಂಜಿನ್ ಚಾಲೂ ಮಾಡಿದೆ. ಐದಾರು ಸೆಕೆಂಡಿನಲ್ಲಿ ಕಾರಿನಡಿಯಿಂದ ಜೇನಿನ ಬಣ್ಣದ ಹೊಸ ಎಣ್ಣೆ ಹರಿದು ಬಂತು. ಗಾಬರಿಯಿಂದ ನಿಲ್ಲಿಸಿ ಮತ್ತೆ ಬಿಚ್ಚಿ ನೋಡಿದರೆ, ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡು ಉಳಿದಿತ್ತು. ಬಿಸಿಗೆ ಬೆಂದು ಅದು ಲೋಹದಂತೆಯೇ ಕಾಣುತ್ತಿತ್ತು. ಉಗುರಿನಿಂದ ಕೆರೆದಾಗ ರಬ್ಬರೆಂದು ಗೊತ್ತಾಯಿತು. ಉಂಗುರದ ಮೇಲೆ ಉಂಗುರ ಕೂತರೆ ಎಣ್ಣೆಯ ಒತ್ತಡಕ್ಕೆ ಮೇಲಿನದು ಜಾರಿ ಬಾಯಿ ಬಿಡುತ್ತದೆ. ಅಂದಿನಿಂದ ಬಿಚ್ಚಿದ ಫಿಲ್ಟರಿನ ಬಾಯಿಯನ್ನು ತಿರುಗಿಸಿ ನೋಡಿ, ಉಂಗುರ ಅದರ ಜೊತೆಗೇ ಬಂದಿದೆ ಎಂದು ಖಾತ್ರಿಯಾಗದೆ ಹೊಸದನ್ನು ಕೈಗೆತ್ತಿಕೊಳ್ಳುವುದಿಲ್ಲ.

ಇನ್ನು ಆಯ್ಕೆ. ಹೆಸರು, ಬೆಲೆ ಆಮೇಲೆ. ಮೊದಲು ಕಾರಿನ ಕೈಪಿಡಿಯಲ್ಲಿರುವ ಪಾರ್ಟ್ ನಂಬರ್. ಕಾರು ತಯಾರಕರದೇ ಫಿಲ್ಟರ್ ಆಗಲಿ, ಬಾಷ್, ಪ್ಯೂರೋಲೇಟರ್‌ನಂಥವರದಾಗಲಿ, ನಿಮ್ಮ ಎಂಜಿನ್ನಿಗೆಂದೇ ಪಟ್ಟಿಯಲ್ಲಿದ್ದರೆ ಸಾಕು. 'ಇದೂ ಅದೇ ಸರ್, ಕೂರುತ್ತದೆ' ಎನ್ನುವ ಅಂಗಡಿಯವರ ಮಾತಿಗೆ ಮಾತ್ರ ತಲೆಯಾಡಿಸಬೇಡಿ. ಹಲವು ಫಿಲ್ಟರುಗಳ ಥ್ರೆಡ್ 20 ಮಿಲಿಮೀಟರಿನದು, ಇನ್ನು ಹಲವದರದು ಮುಕ್ಕಾಲು ಇಂಚು, ಅಂದರೆ 19.05 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಎಂಜಿನ್ನಿನಲ್ಲಿರುವ ಮುಕ್ಕಾಲು ಇಂಚಿನ ತಿರುಪು ಮೊಳೆಗೆ 20ರ ಫಿಲ್ಟರ್ ಹಾಕಿದರೆ ಕೂತಂತೆಯೇ ಅನಿಸುತ್ತದೆ, ಆದರೆ ಹಿಡಿತ ಸಡಿಲ. ರಸ್ತೆಯಲ್ಲಿ ಕಳಚಿದರೆ ಎಂಜಿನ್ನೇ ಹೋಯಿತು. ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಬಿಡಿಭಾಗ ಕೊಳ್ಳುವವರು ಪ್ಯಾಕಿಂಗ್, ಅಚ್ಚಾದ ಅಕ್ಷರಗಳನ್ನೂ ಒಮ್ಮೆ ದಿಟ್ಟಿಸಿ ನೋಡಬೇಕು, ನಕಲಿ ಮಾಲು ಇದ್ದೇ ಇದೆ.

ಪೆಟ್ಟಿಗೆಯಿಂದ ತೆಗೆದು ಫಿಲ್ಟರಿನ ಬಾಯಿ ನೋಡಿ. ನಡುವೆ ಥ್ರೆಡ್ ಇರುವ ದೊಡ್ಡ ತೂತು, ಸುತ್ತ ಸಣ್ಣ ತೂತುಗಳ ಸಾಲು. ಕೊಳೆ ಎಣ್ಣೆ ಸಣ್ಣ ತೂತುಗಳಿಂದ ಒಳಹೋಗಿ, ಕಾಗದದ ಮಡಿಕೆಗಳಲ್ಲಿ ಸೋಸಿ, ನಡುವಿನಿಂದ ಹೊರಬರುತ್ತದೆ. ಸಣ್ಣ ತೂತುಗಳ ಹಿಂದೆ ರಬ್ಬರಿನ ತೆಳು ಪದರ ಕಾಣುತ್ತದೆಯೇ? ಬೆಂಕಿಕಡ್ಡಿಯ ಹಿಂತುದಿಯಿಂದ ಮೆಲ್ಲಗೆ ಒತ್ತಿದರೆ ಬಳುಕಿ ಮತ್ತೆ ಮುಚ್ಚಿಕೊಳ್ಳಬೇಕು. ಎಂಜಿನ್ ನಿಂತಾಗ ಫಿಲ್ಟರಿನಲ್ಲಿರುವ ಎಣ್ಣೆ ಕೆಳಗಿಳಿದು ಹೋಗದಂತೆ ತಡೆಯುವ ಕವಾಟ ಅದು. ಫಿಲ್ಟರ್ ಅಡ್ಡಲಾಗಿ ಅಥವಾ ತಲೆಕೆಳಗಾಗಿ ಕೂರುವ ಕಾರುಗಳಲ್ಲಿ ಇದು ಸೆಟೆದುಕೊಂಡರೆ ಬೆಳಗ್ಗೆ ಚಾಲೂ ಮಾಡಿದೊಡನೆ ಒಂದೆರಡು ಸೆಕೆಂಡು ಟಕಟಕ ಸದ್ದು ಕೇಳಿಸುತ್ತದೆ. ನಾನೂರು ರೂಪಾಯಿಯದು ಕೊಳ್ಳುವುದಾದರೆ ಡಬ್ಬದ ಬಣ್ಣಕ್ಕಲ್ಲ, ಈ ರಬ್ಬರಿಗಾಗಿ ಕೊಳ್ಳಿ. ಸಿಲಿಕೋನ್ ಆದರೆ ಬಿಸಿಗೆ ಬೇಗ ಗಡುಸಾಗುವುದಿಲ್ಲ.

ಬಿಚ್ಚುವ ಕೆಲಸದಲ್ಲಿ ಎಣ್ಣೆ ಚೆಲ್ಲುವುದು ಎರಡೇ ಗಳಿಗೆಯಲ್ಲಿ. ಮೊದಲನೆಯದು ಎಂಜಿನ್ನಿನ ತಳದಲ್ಲಿ ಹಳೆಯ ಎಣ್ಣೆ ಇಳಿಸಲೆಂದಿರುವ ಡ್ರೈನ್ ಬೋಲ್ಟ್ ಬಿಚ್ಚುವಾಗ. ಎಣ್ಣೆ ನೆಟ್ಟಗೆ ಕೆಳಗೆ ಬೀಳುತ್ತದೆಂದು ನಾವು ಪಾತ್ರೆಯನ್ನು ಬೋಲ್ಟಿನ ಅಡಿಗೇ ಇಡುತ್ತೇವೆ. ಬೋಲ್ಟ್ ಪಕ್ಕಕ್ಕೆ ಮುಖ ಮಾಡಿದ್ದರೆ ಅದು ಮೊದಲು ಗೇಣುದ್ದ ಆಚೆಗೆ ಚಿಮ್ಮಿ, ಖಾಲಿಯಾಗುತ್ತ ಬಂದಂತೆ ಹಿಂದೆ ಸರಿಯುತ್ತದೆ. ಹಾಗಾಗಿ ಅಗಲವಾದ ಪಾತ್ರೆ ಬೇಕು. ನಾನು ಅಡುಗೆ ಎಣ್ಣೆಯ ಐದು ಲೀಟರ್ ಕ್ಯಾನನ್ನು ಮಲಗಿಸಿ ಮೇಲಿನ ಮೈ ಕೊಯ್ದು ಇಟ್ಟುಕೊಂಡಿದ್ದೇನೆ. ಬೋಲ್ಟಿನ ಕೊನೆಯ ಸುತ್ತುಗಳನ್ನು ಕೈಯಲ್ಲಿ, ಒಳಕ್ಕೆ ಒತ್ತಿ ಹಿಡಿದೇ ತಿರುಗಿಸಿ, ಪೂರ್ತಿ ಬಿಟ್ಟಿತು ಅನಿಸಿದಾಗ ಸರಕ್ಕನೆ ಪಕ್ಕಕ್ಕೆ ಎಳೆದುಕೊಳ್ಳಿ. ಎಂಜಿನ್ ಬೆಚ್ಚಗಿರಲಿ, ಸುಡುವಷ್ಟು ಬೇಡ. ಟಯರ್ ಬದಲಿಸುವ ಜಾಕಿನ ಮೇಲಷ್ಟೇ ನಿಂತ ಕಾರಿನಡಿಗೆ ಮಾತ್ರ ಯಾವ ಕಾರಣಕ್ಕೂ ನುಸುಳಬೇಡಿ, ಸ್ಟ್ಯಾಂಡ್ ಕೊಟ್ಟೇ ಇಳಿಯಿರಿ.

ಎರಡನೆಯದು ಫಿಲ್ಟರ್ ಬಿಚ್ಚುವಾಗ. ರೆಂಚಿನಿಂದ ಕಾಲು ಸುತ್ತು ಸಡಿಲಿಸಿ ನಿಲ್ಲಿಸಿ. ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಕೆಳಗಿನಿಂದ ಫಿಲ್ಟರಿಗೆ ತೊಡಿಸಿ, ಚೀಲದ ಹೊರಗಿನಿಂದಲೇ ತಿರುಗಿಸಿ. ಎಣ್ಣೆ ಸುರಿದದ್ದು ಚೀಲಕ್ಕೆ, ಫಿಲ್ಟರ್ ಕಳಚಿ ಬೀಳುವುದೂ ಚೀಲಕ್ಕೆ. ಕೆಳಗೆ ಅಡ್ಡಪಟ್ಟಿ ಇದ್ದು ಅದರ ಮೇಲೆಲ್ಲ ಸೋರುವಂತಿದ್ದರೆ, ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ದೋಣಿಯಂತೆ ಮಡಿಚಿ ಪಾತ್ರೆಯತ್ತ ಇಳಿಜಾರು ಮಾಡಿ. ಬಿಗಿಯಾದ ಫಿಲ್ಟರಿಗೆ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಿ ಸುಮ್ಮನಾಗಿ. ತಗಡು ಹರಿದು ಎಣ್ಣೆ ಸೋರುತ್ತದೆ, ಫಿಲ್ಟರ್ ಮಾತ್ರ ಅಲ್ಲೇ ಇರುತ್ತದೆ.

ಹೊಸದರ ಉಂಗುರಕ್ಕೆ ಬೆರಳಿನಿಂದ ಹೊಸ ಎಣ್ಣೆ ಸವರಿ. ಉಂಗುರ ತಾಗಿದ ಮೇಲೆ ಕೈಯಿಂದ ಸುಮಾರು ಮುಕ್ಕಾಲು ಸುತ್ತು. ಫಿಲ್ಟರಿನ ಮೇಲೆ ಬೇರೆ ಲೆಕ್ಕ ಅಚ್ಚಾಗಿದ್ದರೆ ಅದರಂತೆ. ಬಿಗಿಮಾಡಲು ರೆಂಚ್ ಬೇಡ. ಬೋಲ್ಟಿನ ವಾಷರನ್ನೂ ಬದಲಿಸಿ, ಅದಕ್ಕೆ ಕಾಸು ಉಳಿಸುವುದರಲ್ಲಿ ಅರ್ಥವಿಲ್ಲ. ಬೋಲ್ಟ್ ಹಾಕಿ ಹೊಸ ಎಣ್ಣೆ ಸುರಿದ ಮೇಲೆ ಅರ್ಧ ನಿಮಿಷ ಎಂಜಿನ್ ಓಡಿಸಿ, ಸೋರುತ್ತಿದೆಯೇ ಎಂದು ಬಗ್ಗಿ ನೋಡಿ, ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಡಿಪ್‌ಸ್ಟಿಕ್ ಎಳೆದು ಎಣ್ಣೆಯ ಮಟ್ಟ ನೋಡಿ.

ಹಳೆಯ ಫಿಲ್ಟರನ್ನು ರಾತ್ರಿಯಿಡೀ ಬಾಯಿ ಕೆಳಗಾಗಿ ಡಬ್ಬದ ಮೇಲೆ ಬೋರಲು ಹಾಕಿ, ಇನ್ನಷ್ಟು ಎಣ್ಣೆ ಇಳಿಯುತ್ತದೆ. ಗೆದ್ದಲಿಗೆಂದು ಕಂಬಕ್ಕೆ ಬಳಿಯುವುದು, ಸೆಂಟ್ರಿಂಗ್ ಹಲಗೆಗೆ ಕೊಡುವುದು ನಮ್ಮಲ್ಲಿ ರೂಢಿ. ಆದರೆ ಬಳಸಿದ ಎಣ್ಣೆ ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಹಳೆಯ ಎಣ್ಣೆಯನ್ನು ಮರುಸಂಸ್ಕರಣೆಗೆ ಒಪ್ಪಿಸುವ ಸರ್ವಿಸ್ ಸೆಂಟರ್ ಯಾವುದೆಂದು ವಿಚಾರಿಸಿ ಡಬ್ಬ ಕೊಟ್ಟುಬಿಡಿ.

ಕಲ್ಲಿನ ಕಲೆಗೆ, ಹಸಿಯಿರುವಾಗಲೇ ಮರದ ಹೊಟ್ಟು ಸುರಿದು ಹೀರಿಸಿ, ಗುಡಿಸಿ, ಸೋಪಿನ ಪುಡಿ ಹಾಕಿ ಉಜ್ಜಿದರೆ ಬಹುಪಾಲು ಹೋಗುತ್ತದೆ. ಒಣಗಿ ಕೂತದ್ದು ಹೋಗುವುದು ಕಷ್ಟ. ನಮ್ಮ ಮನೆಯ ಕಲೆಯ ಮೇಲೆ ಈಗ ತುಳಸಿಯ ಕುಂಡ ಇದೆ, ನೀರು ಹಾಕುವ ಕೆಲಸ ನನ್ನದು.