ಕರುವಿನ ಹೊಣೆ ಮಗನಿಗೇ ಇರಲಿ

ಬೆಂಗಳೂರಿನಿಂದ ಬರೆದ ತಾಯಿಗೆ ನಮಸ್ಕಾರ.

ಒಂಬತ್ತು ವರ್ಷದ ಮಗನನ್ನು ಬೇಸಿಗೆ ರಜೆಗೆ ಸಾಗರದ ಹತ್ತಿರದ ಅತ್ತೆಮನೆಗೆ ಕಳಿಸುತ್ತಿದ್ದೀರಿ. ಅಲ್ಲಿನ ಜರ್ಸಿ ಮಿಶ್ರತಳಿ ಹಸು ಅಷ್ಟರಲ್ಲಿ ಈಯುವುದಿದೆ. ಮಗ ಬೇಸಾಯವನ್ನು ಕಣ್ಣಾರೆ ನೋಡಲಿ ಎಂಬ ಆಸೆ ನಿಮ್ಮದು. ಜೊತೆಗೆ ಕೊಟ್ಟಿಗೆಯಿಂದ ಕಾಯಿಲೆ ಅಂಟೀತೇ, ಹೋರಿಗರು ಹುಟ್ಟಿದರೆ ಅದರ ಗತಿ ಏನೆಂದು ಮಗನಿಗೆ ಹೇಳಬೇಕೇ ಎಂದೂ ಕೇಳಿದ್ದೀರಿ.

ಬರೀ ನೋಡಿದರೆ ಸಾಲದು. ಒಂದು ಹಿಡಿ ಹುಲ್ಲು ತಿನ್ನಿಸಿ ಫೋಟೊ ತೆಗೆಸಿಕೊಂಡು ಬಂದ ಮಗುವಿಗೆ ದನ ಏನೆಂದು ತಿಳಿಯುವುದಿಲ್ಲ. ಆ ಕರುವನ್ನು ಅವನ ಪಾಲಿಗೆ ಬಿಡಿ, ಬೆಳಿಗ್ಗೆ ಸಂಜೆ ಎರಡು ಹೊತ್ತೂ.

ಮೊದಲ ಪಾಠ ಗಿಣ್ಣದ ಹಾಲು. ಹೊಟ್ಟೆಯಲ್ಲಿರುವಾಗ ಕರುವಿಗೆ ತಾಯಿಯಿಂದ ರೋಗ ತಡೆಯುವ ಶಕ್ತಿ ಬರುವುದಿಲ್ಲ, ಬರುವುದೆಲ್ಲ ಗಿಣ್ಣದ ಹಾಲಿನಿಂದಲೇ. ಅದನ್ನು ಹೀರಿಕೊಳ್ಳುವ ಗುಣವೂ ಕರುಳಿಗೆ ಗಂಟೆಗಂಟೆಗೂ ಕುಂದುತ್ತ ಒಂದು ದಿನದಲ್ಲಿ ಮುಗಿದೇ ಹೋಗುತ್ತದೆ. ಹಾಗಾಗಿ ಹುಟ್ಟಿದ ಒಂದೆರಡು ಗಂಟೆಯೊಳಗೆ ಕರು ಕುಡಿಯಲೇಬೇಕು. 25 ಕೆ.ಜಿ. ತೂಗುವ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಆದರೂ ಬೇಕು. ಅದು ಕುಡಿದು ಮಿಕ್ಕಿದ್ದರಲ್ಲಿ ಮಾತ್ರ ನಮ್ಮ ಗಿಣ್ಣ.

ಕರು ಮೊಲೆ ಹಿಡಿಯದಿದ್ದರೆ ಬೆರಳನ್ನು ಹಾಲಲ್ಲಿ ಅದ್ದಿ ಬಾಯಿಗಿಡುವುದುಂಟು. ಅಜ್ಜಿ ಪಕ್ಕದಲ್ಲಿದ್ದು ಅದನ್ನು ಮೊಮ್ಮಗನಿಂದಲೇ ಮಾಡಿಸಲಿ. ದನಕ್ಕೆ ಮೇಲಿನ ಮುಂದಿನ ಹಲ್ಲೇ ಇಲ್ಲ, ಗಟ್ಟಿ ವಸಡಷ್ಟೇ ಎಂಬುದು ಅವನ ಬೆರಳಿಗೇ ಗೊತ್ತಾಗುತ್ತದೆ. ಒರಟು ನಾಲಿಗೆ ಬೆರಳನ್ನು ಸುತ್ತಿ ಎಳೆಯುವ ಜೋರು ನನ್ನ ಕೈಗೆ ಇವತ್ತಿಗೂ ನೆನಪಿದೆ.

ಆಮೇಲೆ ದಿನವೂ ಎದ್ದ ಕೂಡಲೇ ಕರುವಿನ ಬಾಲ ನೋಡಬೇಕು. ಒದ್ದೆಯಾಗಿ ಅಂಟಿಕೊಂಡಿದ್ದರೆ ಭೇದಿ ಶುರುವಾಗಿದೆ, ತಡಮಾಡದೆ ದೊಡ್ಡವರಿಗೆ ಹೇಳಬೇಕು. ಹತ್ತು ವರ್ಷದವನಿದ್ದಾಗ ನಾನು ಅದನ್ನು ನೋಡಿಯೂ ಆಟಕ್ಕೆ ಓಡಿದ್ದೆ. ಸಂಜೆ ಬಂದಾಗ ಕರು ಕತ್ತು ಚಾಚಿ ಮಲಗಿತ್ತು, ಕಣ್ಣು ಒಳಕ್ಕೆ ಇಳಿದಿತ್ತು. ಬೆಳಗಾಗುವವರೆಗೆ ಉಳಿಯಲಿಲ್ಲ. ತೋಟದಂಚಿನಲ್ಲಿ ಗುಂಡಿ ತೋಡುವಾಗ ಅಪ್ಪ ನನ್ನ ಕೈಗೂ ಒಂದು ಬುಟ್ಟಿ ಕೊಟ್ಟರು. ನಿಮ್ಮ ಮಗನಿಗೆ ಅಂಥದ್ದು ಬಾರದಿರಲಿ, ಆದರೆ ಮರೆತರೆ ಏನಾಗುತ್ತದೆ ಎಂಬುದು ಅವನಿಗೆ ಮೊದಲೇ ಗೊತ್ತಿರಲಿ.

ಕಾಯಿಲೆಯ ಭಯ ಸುಳ್ಳಲ್ಲ. ಈದ ಮೇಲೆ ಬೀಳುವ ಮಾಸನ್ನು ಮಗ ಮುಟ್ಟುವುದು ಬೇಡ, ಬ್ರುಸೆಲ್ಲಾ ರೋಗ ಅದರಿಂದ ಮನುಷ್ಯರಿಗೂ ಅಂಟುತ್ತದೆ. ಹಾಲನ್ನು ಕಾಯಿಸಿಯೇ ಕುಡಿಯಲಿ. ಕೊಟ್ಟಿಗೆಯಿಂದ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯಲಿ. ಎಷ್ಟೇ ಸಾಧು ಹಸುವಾದರೂ ಎಳೆಗರುವಿನ ಹತ್ತಿರ ಹೋದವರನ್ನು ಹಾಯಬಹುದು, ಒಬ್ಬನೇ ಹೋಗುವುದು ಬೇಡ.

ಇನ್ನು ಹೋರಿಗರು. ಗದ್ದೆಗೆ ಟಿಲ್ಲರ್ ಬಂದ ಮೇಲೆ ಅದಕ್ಕೆ ಕೆಲಸವಿಲ್ಲ, ಮೇವಿನ ಖರ್ಚೂ ಹುಟ್ಟುವುದಿಲ್ಲ. ಮಗ ಕೇಳಿದರೆ ಇದ್ದದ್ದನ್ನೇ ಹೇಳಿ. ಹಾಲು ಬೇಕಾದರೆ ಹಸು ಈಯಲೇಬೇಕು, ಈದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ. ಇದನ್ನು ಮುಚ್ಚಿಟ್ಟರೆ ಅವನಿಗೆ ತಿಳಿಯುವುದು ಅರ್ಧ ಬೇಸಾಯ ಮಾತ್ರ.

ಹಸು ನಡುರಾತ್ರಿ ಈಯುವಂತಾದರೂ ಮೊಮ್ಮಗನನ್ನು ಎಬ್ಬಿಸಿ ಎಂದು ಅತ್ತೆಯವರಿಗೆ ಈಗಲೇ ಹೇಳಿಡಿ.

— ಸಂಪಾದಕ