ಹೋದ ಅಲೆ ವಾಪಸ್ ಬರದಂತೆ

ಪ್ರಶ್ನೆ: ನಮ್ಮ ಹಾಸನದ ಎಂಸಿಎಫ್‌ನ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ದೊಡ್ಡ ಡಿಶ್‌ಗಳನ್ನು ನೋಡಿದಾಗಲೆಲ್ಲ ಒಂದು ಅನುಮಾನ. ಮೈಕ್ರೋವೇವ್ ಅಲೆಯನ್ನು ಒಂದೇ ಕಡೆ ಹೋಗಲು ಬಿಡುವ ಫೆರೈಟ್ ಇದೆಯಂತೆ, ಅದು ಹೇಗೆ ಸಾರ್?
– ಓದುಗರೊಬ್ಬರು, ಸಾಲಗಾಮೆ ರಸ್ತೆ, ಹಾಸನ

ಉತ್ತರ: ಫೆರೈಟ್ ಅಂದರೆ ಕಬ್ಬಿಣದ ಆಕ್ಸೈಡಿಗೆ ಬೇರೆ ಲೋಹದ ಆಕ್ಸೈಡ್ ಬೆರೆಸಿ ಸುಟ್ಟ ಕಪ್ಪು ಪಿಂಗಾಣಿ. ಲ್ಯಾಪ್‌ಟಾಪ್ ವೈರಿನ ಗಂಟಿನೊಳಗೆ ಇರುವುದೂ ಅದೇ ಜಾತಿ. ಕರೆಂಟ್ ಹೆಚ್ಚು ಹರಿಯದ ಕಾರಣ ಅಲೆ ಒಳಗೆ ನುಗ್ಗುತ್ತದೆ. ಹೊರಗೆ ಆಯಸ್ಕಾಂತ ಇಟ್ಟರೆ ಅಲೆ ಆಡುವ ದಿಕ್ಕು ತಿರುಗುತ್ತದೆ; ಅದು 45 ಡಿಗ್ರಿ ಆಗುವಂತೆ ಹೊಂದಿಸುತ್ತಾರೆ. ಅಲೆ ಹೊರಬೀಳುವ ಬಾಗಿಲನ್ನೂ ಅಷ್ಟೇ ಓರೆಯಾಗಿ ಇಟ್ಟಿರುವುದರಿಂದ ಅದು ಸಲೀಸಾಗಿ ದಾಟುತ್ತದೆ. ವಾಪಸ್ ಬರುವಾಗ ಆ ತಿರುವು ಬಿಚ್ಚಿಕೊಳ್ಳಬೇಕಲ್ವಾ? ಇಲ್ಲ! ಅದೇ ಕಡೆಗೆ ಇನ್ನೂ 45. ಒಟ್ಟು 90. ಒಳಬಂದ ಬಾಗಿಲಿಗೆ ಅಡ್ಡ ಹಿಡಿದ ಏಣಿಯ ಹಾಗೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಜಿನಲ್ಲಿ ಬೆಳಕು ಹೀಗೆ ತಿರುಗುವುದನ್ನು 1845ರಲ್ಲೇ ವಿಜ್ಞಾನಿ ಫ್ಯಾರಡೆ ಕಂಡಿದ್ದರು.

ಫೆರೈಟಿನ ಎರಡೂ ತುದಿಗೆ ಅಲೆಯುದ್ದದ ಕಾಲು ಭಾಗದಷ್ಟು ದಪ್ಪದ ಬೇರೆ ಪದರ ಕೂರಿಸುವುದುಂಟು. ಇಲ್ಲದಿದ್ದರೆ ಮುಖಕ್ಕೆ ಬಡಿದೇ ಒಂದಿಷ್ಟು ಅಲೆ ಹಿಂದಿರುಗುತ್ತದೆ.

ನಾನು ಲ್ಯಾಬಿನಲ್ಲಿ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಆಯಸ್ಕಾಂತವನ್ನು ಉಲ್ಟಾ ಇಟ್ಟುಬಿಟ್ಟ. ಹೋಗಬೇಕಾದ ಅಲೆಯೇ ನಿಂತಿತು. ಮೀಟರ್ ಮುಳ್ಳು ಅಲ್ಲಾಡಲಿಲ್ಲ. ಅರ್ಧ ಗಂಟೆ ಸುಮ್ನೆ ವೈರ್ ಎಳೆದು ನೋಡಿದೆವು!